ಕೋಳಿಗೂಡಿನ ನುಸಿ
(ಕಾಟಿಪಳ್ಳದ ಮಹಿಳೆಯರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕೃಷಿ ಡಿಪ್ಲೊಮಾ ಓದಿ ಬಂದ ಹುಡುಗನಿಗೆ ಕೋಳಿಯ ವಿಷಯ ಏನು ಗೊತ್ತು ಎಂದು ನಿಮ್ಮಲ್ಲಿ ಕೆಲವರಿಗೆ ನಗು ಬರುತ್ತಿರಬಹುದು. ಬಂದರೆ ತಪ್ಪಲ್ಲ. ಇಂದು ಹೇಳಲಿಕ್ಕಿರುವುದರಲ್ಲಿ ಅರ್ಧವನ್ನು ಪುಸ್ತಕದಿಂದ ಕಲಿತೆ. ಉಳಿದರ್ಧವನ್ನು ಇದೇ ಊರಿನ ಒಬ್ಬ ಅಜ್ಜಿಯ ಅಂಗಳದಲ್ಲಿ ತಪ್ಪು ಮಾಡಿ ಕಲಿತೆ.

ಕಳೆದ ಬೇಸಗೆಯಲ್ಲಿ ಆ ಅಜ್ಜಿ ಹನ್ನೊಂದು ಮೊಟ್ಟೆಯಿಟ್ಟು ಒಂದು ಹೇಂಟೆಯನ್ನು ಕಾವಿಗೆ ಕೂರಿಸಿದ್ದರು. ಹತ್ತು ದಿನ ಸರಿಯಾಗಿ ಕೂತ ಹೇಂಟೆ ಆಮೇಲೆ ರಾತ್ರಿಯಾದರೆ ಎದ್ದು ಹೊರಗೆ ನಿಲ್ಲತೊಡಗಿತು. ಮೊಟ್ಟೆಗಳು ತಣ್ಣಗಾದವು. ಕೋಳಿಯ ಜುಟ್ಟು ಬಿಳಿಚಿಕೊಂಡಿತು. ಹಾವು ಬಂದಿರಬೇಕು ಎಂದರು ಕೆಲವರು. ದೃಷ್ಟಿ ತಾಗಿದೆ ಎಂದರು ಇನ್ನು ಕೆಲವರು. ನಾನು ಮಧ್ಯಾಹ್ನ ಹೋಗಿ ಗೂಡಿನೊಳಗೆ ಇಣುಕಿ, "ಏನೂ ಇಲ್ಲ ಅಜ್ಜಿ, ಸ್ವಲ್ಪ ಒಳ್ಳೆಯ ಕಾಳು ಹಾಕಿ" ಎಂದು ಹೇಳಿ ಬಂದೆ. ನಾಲ್ಕೇ ದಿನದಲ್ಲಿ ಹೇಂಟೆ ಸತ್ತಿತು. ಮೊಟ್ಟೆ ಮಾರಿದ ದುಡ್ಡಿನಿಂದಲೇ ಆಕೆ ತಮ್ಮ ಮಾತ್ರೆಗಳನ್ನು ತರಿಸಿಕೊಳ್ಳುತ್ತಿದ್ದುದು ಎಂದು ನನಗೆ ಅಂದು ತಿಳಿಯಿತು.

ಎರಡನೆಯ ಹೇಂಟೆಯೂ ಹಾಗೆಯೇ ಮಾಡತೊಡಗಿದಾಗ ಅಜ್ಜಿ, "ಮಗಾ, ನೀನು ಹಗಲು ನೋಡಿದ್ದು ಸಾಕು, ರಾತ್ರಿ ಬಾ" ಎಂದರು. ರಾತ್ರಿ ಒಂಬತ್ತಕ್ಕೆ ಟಾರ್ಚು ಹಿಡಿದು ಹೋದೆ. ಕೋಳಿ ಕೂರುವ ಬಿದಿರಿನ ಅಡಿಭಾಗದಲ್ಲಿ, ಮುರಕಲ್ಲಿನ ತೂತುಗಳ ಬಾಯಲ್ಲಿ, ರಾಗಿಕಾಳಿಗಿಂತ ಸಣ್ಣ ಕೆಂಪು ಹುಳುಗಳು ಸಾಲುಗಟ್ಟಿ ಹರಿಯುತ್ತಿದ್ದವು. ಬೆರಳಿನಿಂದ ಒರಸಿದರೆ ರಕ್ತ.

ಇದೇ ಕೆಂಪು ನುಸಿ. ಹಗಲು ಇದು ಕೋಳಿಯ ಮೈಮೇಲೆ ಇರುವುದಿಲ್ಲ. ಗೋಡೆಯ ಬಿರುಕಿನಲ್ಲಿ, ಬಿದಿರಿನ ಸಂದಿಯಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಬಂದು ರಕ್ತ ಹೀರಿ ಮರಳುತ್ತದೆ. ನಮ್ಮ ಸೆಕೆಯಲ್ಲಿ ಒಂದು ವಾರ ಹತ್ತು ದಿನದೊಳಗೆ ಮೊಟ್ಟೆಯಿಂದ ದೊಡ್ಡ ನುಸಿಯವರೆಗೆ ಒಂದು ಸುತ್ತು ಮುಗಿಯುತ್ತದೆ. ಕಾವಿಗೆ ಕೂತ ಹೇಂಟೆ ಇಡೀ ರಾತ್ರಿ ಅಲ್ಲಾಡದೆ ಕೂರಬೇಕಾದದ್ದು. ಅದರ ಗತಿ ಏನಾದೀತು, ಯೋಚಿಸಿರಿ. ಕೋಳಿಯಿಲ್ಲದೆ ಗೂಡು ಖಾಲಿ ಬಿಟ್ಟರೂ ನುಸಿ ತಿಂಗಳುಗಟ್ಟಲೆ ಉಪವಾಸ ಬದುಕಿರಬಲ್ಲದು. ಹಳೆಯ ಗೂಡಿಗೆ ಹೊಸ ಕೋಳಿ ತಂದು ಬಿಟ್ಟವರು ಮೋಸಹೋಗುವುದು ಇಲ್ಲಿಯೇ.

ಹೇನಿನ ರೀತಿ ಬೇರೆ. ಅದು ಹಗಲು ರಾತ್ರಿ ಮೈಮೇಲೆಯೇ ಇರುತ್ತದೆ. ಹಿಂಭಾಗದ ಗರಿ ಸರಿಸಿ ನೋಡಿದರೆ ಗರಿಯ ಬುಡದಲ್ಲಿ ಬಿಳಿ ಮೊಟ್ಟೆಗಳ ಗೊಂಚಲು ಕಾಣುತ್ತದೆ. ಒಮ್ಮೆ ಹುಡಿ ಹಾಕಿದರೆ ಹೇನು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಆದುದರಿಂದ ಹತ್ತು ದಿನ ಬಿಟ್ಟು ಮತ್ತೊಮ್ಮೆ ಹಾಕತಕ್ಕದ್ದು. ಕೋಳಿ ತಾನೇ ಮಾಡಿಕೊಳ್ಳುವ ಮಣ್ಣುಸ್ನಾನಕ್ಕೆ ಅಂಗಳದ ಮೂಲೆಯಲ್ಲಿ ಒಣ ಹೊಯಿಗೆ, ಒಲೆಯ ಬೂದಿ ಬೆರಸಿ ಇಟ್ಟರೆ ದೊಡ್ಡ ಉಪಕಾರ. ಮಳೆಗಾಲದಲ್ಲಿ ಅದರ ಮೇಲೆ ಒಂದು ಮಾಡು ಬೇಕು. ಕಾಲಿನ ಹುರುಪೆಗಳು ಎದ್ದು ದಪ್ಪಗಾಗಿದ್ದರೆ ಅದೂ ಒಂದು ಜಾತಿಯ ನುಸಿಯೇ. ಸಾಬೂನು ನೀರಿನಲ್ಲಿ ಕಾಲು ನೆನೆಸಿ, ಮೆತ್ತಗೆ ಉಜ್ಜಿ, ಕೆಲವು ವಾರ ತೆಂಗಿನೆಣ್ಣೆ ಹಚ್ಚುತ್ತಾ ಬನ್ನಿ. ಹುರುಪೆಯನ್ನು ಕಿತ್ತು ತೆಗೆಯಬೇಡಿ.

ಗೂಡಿಗೆ ಅಜ್ಜಿ ಮತ್ತು ನಾನು ಮಾಡಿದ್ದು ಹೀಗೆ. ಕೋಳಿಗಳನ್ನು ಬೇರೆ ಕಡೆಗೆ ಸಾಗಿಸಿ, ಹಳೆಯ ಹುಲ್ಲು, ಮಡಲು ಎಲ್ಲವನ್ನೂ ಸುಟ್ಟೆವು. ಸಂದು ಸಂದಿಗೂ ಕುದಿಯುವ ನೀರು ಹೊಯ್ದೆವು. ಒಣಗಿದ ಮೇಲೆ ಮುರಕಲ್ಲಿನ ತೂತುಗಳನ್ನು ಗಾರೆಯಿಂದ ಮುಚ್ಚಿ ಸುಣ್ಣ ಬಳಿದೆವು. ಬಿದಿರನ್ನು ತೆಗೆದುಹಾಕಿ, ತೊಗಟೆಯಿಲ್ಲದ ನುಣುಪಾದ ಕೋಲನ್ನು ಗೋಡೆಗೆ ತಾಗದಂತೆ ಇಟ್ಟೆವು. ಏಳನೆಯ ದಿನ ಇದನ್ನೇ ಪುನಃ ಮಾಡಿದೆವು. ಎರಡನೆಯ ಸಲ ಅಜ್ಜಿಗೆ ಬೇಸರ ಬಂದಿತ್ತು, ನನಗೂ ಬಂದಿತ್ತು. ಆದರೆ ಮೊದಲ ದಿನ ಉಳಿದ ಮೊಟ್ಟೆಗಳು ಒಡೆದು ಬರುವುದು ಆ ವಾರದಲ್ಲಿಯೇ.

ಔಷಧಿಯ ಬಗ್ಗೆ ಒಂದು ಮಾತು. ಒಂದು ಕಾಲದಲ್ಲಿ ಕೋಳಿಯ ಹೇನಿಗೆ ಬಿ.ಎಚ್.ಸಿ. ಹುಡಿ ಹಾಕುವ ರೂಢಿಯಿತ್ತು. ಅದನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನಿನಿಂದ ಏನಾಯಿತೆಂಬುದು ಕಾಸರಗೋಡು, ಪುತ್ತೂರು, ಬೆಳ್ತಂಗಡಿ ಕಡೆ ನೆಂಟರಿರುವವರಿಗೆ ಹೇಳಬೇಕಾಗಿಲ್ಲ. ಆದುದರಿಂದ ಗದ್ದೆಗೆಂದು ತಂದ ಯಾವ ವಿಷವನ್ನೂ ಕೋಳಿಯ ಮೈಗೆ ಹಾಕಬಾರದು. ಪಶುವೈದ್ಯರನ್ನು ಕೇಳಿ ತನ್ನಿ. ಔಷಧಿ ಹಾಕಿದ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಕೇಳಿ.

ಹೊಟ್ಟೆಯ ಹುಳುವಿಗೆ ಮಳೆಗಾಲದ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ವೈದ್ಯರ ಸಲಹೆಯಂತೆ ಮದ್ದು ಕೊಡಿಸಿ. ಮೂರರಿಂದ ಆರು ವಾರದ ಮರಿಗಳು ಮುದುಡಿ ನಿಂತು ರಕ್ತ ಮಿಶ್ರಿತ ಹಿಕ್ಕೆ ಹಾಕಿದರೆ ಅದು ಹುಳುವಲ್ಲ, ರಕ್ತಭೇದಿ. ಒದ್ದೆ ನೆಲವೇ ಅದರ ತವರು. ಉಮಿಯನ್ನು ಒಣಗಿಸಿ ಹಾಸಿ, ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲೆ ಇಡಿ, ಅದೇ ದಿನ ವೈದ್ಯರಲ್ಲಿಗೆ ಹೋಗಿ.

ಇನ್ನು ಮುಖ್ಯ ಸಂಗತಿ. ಹೊಸ ಮಂಗಳೂರು ಬಂದರಿಗಾಗಿ ಪಣಂಬೂರಿನ ಕಡೆ ಮನೆ, ನೆಲ ಬಿಟ್ಟುಕೊಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಬಂದು ನೆಲೆಸಿದರು. 1974ರಲ್ಲಿ ಅದು ದೇಶದ ಮಹಾಬಂದರುಗಳ ಸಾಲಿಗೆ ಸೇರಿತು. ನಮ್ಮ ಪಾಲಿಗೆ ಒತ್ತಾಗಿ ನಿಂತ ಮನೆಗಳು ಬಂದವು. ಕೋಳಿಗೆ ಬೇಲಿ ತಿಳಿಯದು. ಅಜ್ಜಿಯ ಗೂಡು ಶುದ್ಧವಾಗಿ ಎರಡು ತಿಂಗಳಿಗೆ ನುಸಿ ಮತ್ತೆ ಬಂತು. ಪಕ್ಕದ ಮನೆಯ ಮಗುವಿನ ಮೈಯಲ್ಲಿ ಕೆಂಪು ಗುಳ್ಳೆಗಳೆದ್ದವು, ಎರಡು ಮನೆಗಳ ನಡುವೆ ಮಾತು ನಿಂತಿತು. ನುಸಿ ಯಾರ ಗೂಡಿನದೆಂದು ನಿರ್ಣಯಿಸಲು ನನ್ನನ್ನು ಕರೆದರು. ಎರಡೂ ಗೂಡುಗಳಲ್ಲಿತ್ತು, ಹಿಂದಿನ ಮನೆಯ ಗೂಡಿನಲ್ಲೂ ಇತ್ತು.

ಆದ್ದರಿಂದ ನನ್ನ ಅರಿಕೆ ಇಷ್ಟೇ. ಬರುವ ಭಾನುವಾರ ಬೆಳಿಗ್ಗೆ ಈ ಸಾಲಿನ ಎಲ್ಲ ಮನೆಯವರೂ ಒಂದೇ ದಿನ ಗೂಡು ತೊಳೆಯೋಣ, ಅದರ ಮುಂದಿನ ಭಾನುವಾರ ಪುನಃ ತೊಳೆಯೋಣ. ಅಜ್ಜಿಯ ಮನೆಯಲ್ಲಿಯೂ ಪಕ್ಕದ ಮನೆಯಲ್ಲಿಯೂ ಹಂಡೆ ನೀರು ಕಾಯಿಸಲು ಒಪ್ಪಿದ್ದಾರೆ. ಸುಣ್ಣ ನಾನು ತರುತ್ತೇನೆ. ನೀವು ಮನೆಗೊಂದು ಹಿಡಿಸೂಡಿ ತನ್ನಿ. ಹೊಸದು ಬೇಡ, ಆಮೇಲೆ ಅದನ್ನೂ ಸುಡಲಿಕ್ಕಿದೆ.