ಬೆಣಚುಕಲ್ಲಿನ ಒಳಗುಟ್ಟು



ಹತ್ತನೆಯ ತರಗತಿಯಲ್ಲಿ ಗಾಜಿನ ಚಪ್ಪಡಿ, ಗುಂಡುಸೂಜಿ ಇಟ್ಟು ವಕ್ರೀಭವನ ಸೂಚ್ಯಂಕ ಕಂಡುಹಿಡಿಯುತ್ತೇವೆ. ಬೆಳಕು ಗಾಜನ್ನು ದಾಟಿ ಬರುವುದರಿಂದ ಅದು ಸಾಧ್ಯ. ದಾಟದಿದ್ದರೆ?

ನಮ್ಮ ಹೊಲಗಳ ಬೆಣಚುಕಲ್ಲನ್ನೇ ತೆಗೆದುಕೊಳ್ಳಿ. ಅದರ ಶುದ್ಧ ಹರಳಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಮೇಲ್ಮೈಯಿಂದ ಹಿಂದಿರುಗುವುದು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಆದರೆ ಸುಮಾರು 9 ಮೈಕ್ರೊಮೀಟರ್ ತರಂಗದೂರದ ಅವಕೆಂಪು ಕಿರಣವನ್ನು ಅದು ಬಹುಪಾಲು ಹಿಂದಕ್ಕೆ ಕಳಿಸುತ್ತದೆ. ಒಳಗಿನ ಸಿಲಿಕಾನ್, ಆಕ್ಸಿಜನ್ ಪರಮಾಣುಗಳು ಆ ಲಯಕ್ಕೆ ಕಂಪಿಸುವುದೇ ಕಾರಣ.

ತಿಳಿಯಬೇಕಾದವು ಎರಡು: ವಕ್ರೀಭವನ ಸೂಚ್ಯಂಕ ಮತ್ತು ಬೆಳಕನ್ನು ಹೀರುವ ಪ್ರಮಾಣ. ಅಳೆಯಲು ಸಿಗುವುದು ಒಂದೇ, ಪ್ರತಿಫಲನ. ಒಂದು ಸಮೀಕರಣ, ಎರಡು ಅವ್ಯಕ್ತ!

1926–27ರಲ್ಲಿ ಕ್ರೋನಿಗ್, ಕ್ರಾಮರ್ಸ್ ತೋರಿಸಿದ ಸಂಬಂಧ ಇಲ್ಲಿ ನೆರವಿಗೆ ಬರುತ್ತದೆ. ಕಾರಣಕ್ಕಿಂತ ಮೊದಲು ಪರಿಣಾಮ ಬಾರದು ಎಂಬುದೇ ಅದರ ತಿರುಳು. ಎಲ್ಲ ತರಂಗದೂರಗಳ ಪ್ರತಿಫಲನ ತಿಳಿದರೆ, ಹಿಂದಿರುಗುವ ಅಲೆ ಎಷ್ಟು ಹಿಂದುಮುಂದಾಗಿದೆ ಎಂಬುದನ್ನು ಲೆಕ್ಕದಿಂದಲೇ ಪಡೆಯಬಹುದು. ಆಗ ಎರಡೂ ಬೆಲೆ ಸಿಗುತ್ತವೆ. ಇನ್ನೊಂದು ದಾರಿ, ಪರಮಾಣುಗಳನ್ನು ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳೆಂದು ಭಾವಿಸಿ ಅಳತೆಗೆ ಹೊಂದಿಸುವುದು. 1961ರಲ್ಲಿ ಸ್ಪಿಟ್ಸರ್, ಕ್ಲೈನ್‌ಮನ್ ಬೆಣಚುಕಲ್ಲಿಗೆ ಹೀಗೆಯೇ ಮಾಡಿದರು. ದೂರದ ಗ್ರಹದ ಖನಿಜಗಳನ್ನು ಮುಟ್ಟದೆ ಗುರುತಿಸಲು ಇಂಥ ಸಂಖ್ಯೆಗಳು ಬೇಕು.

ಸಾಫ್ಟ್‌ವೇರ್ ನನ್ನ ವೃತ್ತಿ. ಈ ಲೆಕ್ಕ ಕಂಪ್ಯೂಟರಿಗೆ ಕ್ಷಣದ ಕೆಲಸ. ಆದರೆ ಅಳತೆ ತಪ್ಪಿದರೆ ಉತ್ತರವೂ ತಪ್ಪು. ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಶಾಲೆಗೆ ಕಂಪ್ಯೂಟರ್ ಕೊಡೋಣ, ಜೊತೆಗೆ ಪ್ರಯೋಗಾಲಯಕ್ಕೂ ಪಾಲು ತೆಗೆದಿಡೋಣ. ಮಸೂರ, ಗಾಜು, ಕಲ್ಲು ಬೀರುವಿನೊಳಗೆ ಉಳಿಯದೆ ಮಕ್ಕಳ ಕೈಗೆ ಬರಲಿ.