ಲಿಯಾನ್ ಡೇ ಎಸೆದ ಚೆಂಡು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿದ್ದ ಕಾಲ. ಬಾಲ್ಟಿಮೋರ್‌ನಲ್ಲಿ ಬೆಳೆದ ಲಿಯಾನ್ ಡೇ ಕಪ್ಪು ಆಟಗಾರರದೇ ಆದ ನೀಗ್ರೋ ಲೀಗ್‌ನ ನ್ಯೂಅರ್ಕ್ ಈಗಲ್ಸ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವರು. ತೋಳನ್ನು ದೊಡ್ಡದಾಗಿ ಬೀಸದೆ, ಕಿವಿಯ ಪಕ್ಕದಿಂದಲೇ ಚೆಂಡನ್ನು ಚಿಮ್ಮಿಸುತ್ತಿದ್ದರು. 1942ರ ಒಂದು ಪಂದ್ಯದಲ್ಲಿ 18 ಸ್ಟ್ರೈಕ್‌ಔಟ್, ಅಂದರೆ 18 ಸಲ ಬ್ಯಾಟರ್ ಚೆಂಡು ಹೊಡೆಯಲಾಗದೆ ಔಟ್!

ಆಮೇಲೆ ಎರಡನೇ ಮಹಾಯುದ್ಧದ ಸೇವೆ. 1944ರಲ್ಲಿ ನಾರ್ಮಂಡಿ ತೀರಕ್ಕೆ ಸರಕು ಸಾಗಿಸಿದ ಕಪ್ಪು ಸೈನಿಕರ ದಳದಲ್ಲಿ ಡೇ ಇದ್ದರು. ಸೇನೆಯಲ್ಲೂ ದಳಗಳು ಬಣ್ಣ ನೋಡಿಯೇ ಬೇರೆಯಾಗಿದ್ದವು. ಮರುವರ್ಷ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅಮೆರಿಕನ್ ಸೈನಿಕರ ಬೇಸ್‌ಬಾಲ್ ಸರಣಿ. ನಾಜಿಗಳು ಸಮಾವೇಶ ನಡೆಸಿದ್ದ ಅದೇ ಕ್ರೀಡಾಂಗಣ. ಯಹೂದಿ ಆಟಗಾರ ಸ್ಯಾಮ್ ನೇಹಮ್ ತನ್ನ ತಂಡಕ್ಕೆ ಡೇ ಮತ್ತು ಇನ್ನೊಬ್ಬ ಕಪ್ಪು ಆಟಗಾರ ವಿಲ್ಲರ್ಡ್ ಬ್ರೌನ್ ಇಬ್ಬರನ್ನೂ ಸೇರಿಸಿಕೊಂಡಿದ್ದರು. ಸರಣಿಯ ಒಂದು ಪಂದ್ಯದಲ್ಲಿ ಸಾವಿರಾರು ಸೈನಿಕರ ಎದುರು ಡೇ ಎಸೆದರು, ತಂಡ 2-1ರಿಂದ ಗೆದ್ದಿತು. ಆ ಮಧ್ಯಾಹ್ನವನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ. ತಾಯ್ನಾಡಿನಲ್ಲಿ ಜೊತೆಗೆ ಆಡುವ ಅವಕಾಶವಿಲ್ಲದವರು ಅಲ್ಲಿ ಒಂದೇ ತಂಡ!

ಮರಳಿದ ಮೇಲೆ, 1946ರ ಮೇ 5ರಂದು, ಋತುವಿನ ಮೊದಲ ದಿನವೇ ಎದುರಾಳಿಗೆ ಒಂದೂ ಹಿಟ್ ಕೊಡದೆ ಗೆದ್ದರು. ಆ ವರ್ಷ ಈಗಲ್ಸ್ ಚಾಂಪಿಯನ್. 1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗ್‌ನ ಬಾಗಿಲು ದಾಟಿದರು; ಡೇಗೆ ಅಲ್ಲಿ ಆಡುವ ಅವಕಾಶ ಕೊನೆಗೂ ಸಿಗಲಿಲ್ಲ.

1995ರ ಮಾರ್ಚ್ 7ರಂದು ಡೇ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಸುದ್ದಿ ತಲುಪಿದಾಗ ಅವರು ಆಸ್ಪತ್ರೆಯಲ್ಲಿದ್ದರು. ಆರು ದಿನಗಳ ನಂತರ ತೀರಿಕೊಂಡರು.