ಏರಿಯ ಒಡೆತನ, ಏರಿಯ ಹೊಣೆ

(ಕೋಯಂಬೇಡಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿಗೆ ಬಂದ ಹೊಸತರಲ್ಲಿ ಕನ್ನಡಿಗರನ್ನು ತಬ್ಬಿಬ್ಬು ಮಾಡುವ ಮಾತೊಂದುಂಟು: 'ಏರಿ'. ತಮಿಳರಿಗೆ ಏರಿಯೆಂದರೆ ಕೆರೆ. ನಮಗಾದರೋ ಕೆರೆಯ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ. ಆ ಕಟ್ಟೆಯ ವಿಷಯವಾಗಿಯೇ ಇಂದು ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ. ನಮ್ಮವರಲ್ಲಿ ಕೆಲವರಿಗೆ ಊರ ಕಡೆ ತೋಟ ಕೊಂಡು, ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿಸಿ, ಮೀನು ಬಿಟ್ಟು, ರಜೆಯಲ್ಲಿ ಮಕ್ಕಳೊಡನೆ ದೋಣಿಯಾಡುವ ಆಸೆಯುಂಟು. ಆಸೆ ತಪ್ಪಲ್ಲ. ಏರಿಯ ಕೆಳಗೆ ಯಾರ ಮನೆಯಿದೆ ಎಂದು ಮೊದಲು ನೋಡಬೇಕು, ಅಷ್ಟೆ. 2015ರ ಡಿಸೆಂಬರಿನಲ್ಲಿ ಚೆಂಬರಂಬಾಕ್ಕಂ ಕೆರೆಯ ನೀರು ಬಿಟ್ಟಾಗ ಅಡ್ಯಾರು ನದಿಯ ದಂಡೆಯವರು ಪಟ್ಟ ಪಾಡನ್ನು ಈ ನಗರ ಮರೆತಿಲ್ಲ.

ನಮ್ಮ ಹಿರಿಯರು ಕೆರೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಕಟ್ಟಿದವನಿಗೂ ದುರಸ್ತಿ ಮಾಡಿದವನಿಗೂ ಕಟ್ಟುಕೊಡಗೆಯೆಂದು ಭೂಮಿ ಕೊಟ್ಟರು. ತೂಬು ನೋಡಲು ನೀರುಗಂಟಿಯನ್ನಿಟ್ಟರು. ಹೆಚ್ಚಿದ ನೀರು ಹರಿದುಹೋಗಲು ಕೋಡಿ ಬಿಟ್ಟರು.

ಕೋಡಿಯನ್ನು ಮರೆತವರ ಕಥೆ ಅಮೆರಿಕದಲ್ಲಿ ನಡೆಯಿತು. ಪೆನ್ಸಿಲ್ವೇನಿಯದ ಸೌತ್ ಫೋರ್ಕ್‌ನಲ್ಲಿ ಸಿರಿವಂತರ ಕ್ಲಬ್ಬೊಂದು ವಿಹಾರಕ್ಕಾಗಿ ಮಣ್ಣಿನ ಅಣೆಕಟ್ಟನ್ನು ಇಟ್ಟುಕೊಂಡಿತ್ತು. ನೀರು ಬಿಡುವ ಕೊಳವೆಗಳನ್ನು ಹಿಂದಿನ ಒಡೆಯ ಕಿತ್ತಿದ್ದ. ಕ್ಲಬ್ಬಿನವರು ಮತ್ತೆ ಹಾಕಿಸಲಿಲ್ಲ. ಸಾರೋಟು ಓಡಾಡಲೆಂದು ಏರಿಯ ತಲೆ ತಗ್ಗಿಸಿದರು. ಮೀನು ಹೋಗದಿರಲೆಂದು ಕೋಡಿಗೆ ಜಾಲರಿ ಹಾಕಿಸಿದರು. 1889ರ ಮೇ 31ರ ಮಳೆಯಲ್ಲಿ ಜಾಲರಿಗೆ ಕಸ ಕಟ್ಟಿತು, ನೀರು ಏರಿಯ ಮೇಲೆ ಹತ್ತಿತು, ಏರಿ ಒಡೆಯಿತು. ಜಾನ್ಸ್‌ಟೌನ್ ಕಣಿವೆಯಲ್ಲಿ 2,200ಕ್ಕೂ ಹೆಚ್ಚು ಮಂದಿ ಸತ್ತರು. ಕ್ಲಬ್ಬಿನಿಂದ ಯಾರಿಗೂ ನ್ಯಾಯಾಲಯದ ಮೂಲಕ ಪರಿಹಾರ ಸಿಗಲಿಲ್ಲ.

ನಮ್ಮ ಸೀಮೆಯಲ್ಲೂ ಇಂಥ ವ್ಯಾಜ್ಯ ನಡೆದದ್ದುಂಟು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಯ ಸೇತುವೆಗಳು ಕೊಚ್ಚಿಹೋದವು. 1874ರಲ್ಲಿ ಪ್ರಿವಿ ಕೌನ್ಸಿಲ್ ಜಮೀನ್ದಾರರ ಮೇಲೆ ಹೊಣೆ ಹೊರಿಸಲಿಲ್ಲ. ಆ ಪುರಾತನ ಕೆರೆಗಳು ಜನರ ಬಾಳಿಗೆ ಬೇಕಾದವು, ಕಾಪಾಡುವುದು ಅವರ ಕರ್ತವ್ಯ, ಅವರ ಅಜಾಗರೂಕತೆಯೂ ಕಾಣಲಿಲ್ಲ ಎಂದಿತು. ವಿನೋದಕ್ಕೆ ಕಟ್ಟಿಸಿದ ಕೆರೆಗೆ ಅದೇ ರಿಯಾಯಿತಿ ಕೇಳಲು ನಮಗೆ ಬಾಯುಂಟೆ?

ಇನ್ನು ಒಡೆತನ. ಜಮೀನು ನಮ್ಮದಾದರೂ ಹಳ್ಳ ನಮ್ಮದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ, ಬೇರೆಯವರ ಸ್ವತ್ತೆಂದು ಸಿದ್ಧವಾಗದ ಹಳ್ಳ, ತೊರೆಗಳು ಸರ್ಕಾರದವು. ಅನುಮತಿಯಿಲ್ಲದೆ ಅಡ್ಡಗಟ್ಟಬಾರದು. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯೋ 15 ಮೀಟರಿಗಿಂತ ಎತ್ತರದವನ್ನೂ, 10ರಿಂದ 15 ಮೀಟರಿನೊಳಗಿನ ಕೆಲವನ್ನೂ ಮಾತ್ರ ನೋಡುತ್ತದೆ. ತೋಟದ ಪುಟ್ಟ ಏರಿಯನ್ನು ಆ ಕಾಯಿದೆ ಕಾಯದು, ಒಡೆಯನೇ ಕಾಯಬೇಕು.

ಕಾಯುವ ಬಗೆ ಕಠಿಣವಲ್ಲ. ಬಲ್ಲ ಎಂಜಿನಿಯರರಿಂದ ಕಟ್ಟಿಸಿರಿ. ಕೋಡಿಯನ್ನು ಏರಿಗಿಂತ ತಕ್ಕಷ್ಟು ತಗ್ಗಿನಲ್ಲಿಡಿಸಿ, ಮಳೆಗಾಲಕ್ಕೆ ಮುಂಚೆ ಕಸ ತೆಗೆಸಿರಿ. ಏರಿಯ ಮೇಲೆ ಮರ ಬೆಳೆಯಗೊಡಬೇಡಿರಿ. ಇಲಿ, ಏಡಿಗಳ ಬಿಲ ಮುಚ್ಚಿಸಿರಿ. ಏರಿಯ ಬುಡದಲ್ಲಿ ಕೆಸರುನೀರು ಜಿನುಗಿದರೆ ಒಳಗಿನ ಮಣ್ಣು ಕರಗುತ್ತಿದೆಯೆಂದು ತಿಳಿದು, ಕೆಳಗಿನವರಿಗೆ ಒಡನೆಯೇ ಸುದ್ದಿ ಮುಟ್ಟಿಸಿ, ನೀರನ್ನು ಮೆಲ್ಲಗೆ ಇಳಿಸಿರಿ. ನಾವು ವರ್ಷದ ಹೆಚ್ಚು ದಿನ ಇಲ್ಲಿರುವವರು. ಅಲ್ಲಿ ಒಬ್ಬ ನೀರುಗಂಟಿಯನ್ನು ನೇಮಿಸದೆ ಏರಿ ಹಾಕಿಸುವುದು ತರವಲ್ಲ.

ನಮ್ಮ ಮಕ್ಕಳ ದೋಣಿಯಾಟಕ್ಕಾಗಿ ಕೆಳಗಿನ ಮನೆಯ ಮಕ್ಕಳು ನಿದ್ದೆಗೆಡದಿರಲಿ ಎಂದು ಹಾರೈಸಿ ವಿರಮಿಸುತ್ತೇವೆ.